ಏಳೂವರೆಯದು

ಮೊದಲು ತಪ್ಪು ಹೇಳಿಬಿಡುತ್ತೇನೆ,
ಬಿಟ್ಟುಹೋದ ಹೊಲಿಗೆ ಹುಡುಕುವುದೇ ನನ್ನ ಕಸುಬು.
ಶ್ರೀರಾಮಪುರದ ಅಡ್ಡರಸ್ತೆ, ಮೆಟ್ಟಿಲ ಕೆಳಗಿನ ಅಂಗಡಿ,
ಇಸ್ತ್ರಿಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಟಿವಿ.
ಧಾರಾವಾಹಿಯ ಹೆಸರು ಹೇಳುವವರು ನಮ್ಮ ಬೀದಿಯಲ್ಲಿಲ್ಲ.
ಏಳರದು, ಏಳೂವರೆಯದು, ಎಂಟರದು,
ಬಸ್ಸಿನ ಹಾಗೆ. ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು,
ಅದೂ ಅದೇ ಊರಿಗೆ.

ರೇಷ್ಮೆ ಉಟ್ಟೇ ಮಲಗುತ್ತಾಳೆ ಸೊಸೆ,
ಬೆಳಗ್ಗೆ ಎದ್ದರೆ ಒಂದು ನೆರಿಗೆ ಮುರಿದಿಲ್ಲ.
ಒಂಬತ್ತು ಜನರ ಮನೆ, ಒಣಗಲು ಹಾಕಿದ
ಒಂದು ಟವಲು ಕಂಡಿಲ್ಲ ಈವರೆಗೆ.
ಕಾವೇರಿ ನೀರು ಬಿಡುವ ದಿನ ಯಾವುದೆಂದು
ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
ಸೋಮವಾರ ಪಾಯಸಕ್ಕೆ ಬಿದ್ದ ವಿಷ
ಶುಕ್ರವಾರವಾದರೂ ತುಟಿ ಮುಟ್ಟಿಲ್ಲ,
ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಗುಡುಗು;
ಅಷ್ಟರಲ್ಲಿ ನಾನು ಐದು ರವಿಕೆಗೆ ಕಾಜ ಮುಗಿಸಿದ್ದೆ.

ಇನ್ನೊಂದು. ಕೆಟ್ಟವಳಿಗೇ ಏಕೆ ಚಂದದ ಕತ್ತು?
ಒಳ್ಳೆಯವಳಿಗೆ ಹತ್ತಿ ಬಟ್ಟೆ, ಮೊಣಕೈವರೆಗೆ ತೋಳು.
ಬೆನ್ನು ತೆರೆದಷ್ಟೂ ಮನಸ್ಸು ಕಪ್ಪೆಂದು
ಯಾವ ಮಾಸ್ಟರು ಅಳತೆ ಬರೆದುಕೊಟ್ಟನೋ.
ನನ್ನ ಗಿರಾಕಿಗಳಲ್ಲಿ ಎಲ್ಲರಿಗಿಂತ ಆಳದ ಬೆನ್ನು ವಿಮಲಾಕ್ಷಿ ಮೇಡಂದು,
ಒಂದು ದಿನ ಕೂಲಿ ಬಾಕಿ ಇಟ್ಟವರಲ್ಲ.

'ಆದರೂ ನೋಡ್ತೀರಲ್ಲ' ಅನ್ನುತ್ತಾಳೆ ಜೆರಾಕ್ಸ್ ಅಂಗಡಿಯ ತಬಸ್ಸುಮ್,
ಬಾಗಿಲಿಗೆ ಒರಗಿ ತಾನೂ ನೋಡುತ್ತಲೇ.

ಹೌದಮ್ಮ. ಹೋದ ಆಷಾಢದಲ್ಲಿ ಒಂದು ದಿನ
ಅತ್ತೆ ಪಾತ್ರದಾಕೆ ಅಡುಗೆಮನೆಯಲ್ಲಿ ಒಬ್ಬಳೇ
ನಿಂತುಕೊಂಡೇ ಉಂಡಳು, ತಳ ಕೆರೆದು.
ಸಂಗೀತವಿಲ್ಲ. ಕ್ಯಾಮೆರಾ ಕದಲಲಿಲ್ಲ.
ತುತ್ತು ನುಂಗುವ ಮೊದಲು ಬಾಗಿಲ ಕಡೆ ಒಮ್ಮೆ ನೋಡಿದಳು.
ಯಾರೂ ಬರಲಿಲ್ಲ.
ನನ್ನ ಕಾಲು ಪೆಡಲಿನ ಮೇಲೇ ಮರೆತುಹೋಯಿತು.
ಆ ಒಂದು ನಿಮಿಷಕ್ಕೆ ಎಂಟು ತಿಂಗಳ ಗುಡುಗು ಮನ್ನಾ.
ಮಾರನೆಯ ದಿನ ಆಕೆ ಮತ್ತೆ ವಿಷ ಅರೆಯುತ್ತಿದ್ದಳು, ಅದು ಬೇರೆ ಮಾತು.

ಮೊನ್ನೆ ಪರದೆಯ ಕೆಳಗೆ ಒಂದು ಪಟ್ಟಿ ಓಡಿತು:
ಇಂದಿನಿಂದ ಈ ಪಾತ್ರದಲ್ಲಿ ಹೊಸ ಕಲಾವಿದೆ.
ಅಷ್ಟೇ. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.
ಮಗು ಓಡಿ ಬಂದು ಅಮ್ಮಾ ಎಂದು ಸೊಂಟ ತಬ್ಬಿತು.
ನಾಯಿ ಕೂಡ ಬೊಗಳಲಿಲ್ಲ.
ತಬಸ್ಸುಮ್ ನಕ್ಕಳು. ನಾನು ರವಿಕೆ ನೋಡುತ್ತಿದ್ದೆ.
ಹಳೆಯವಳದೇ, ಗಿಳಿಹಸಿರು, ತೋಳಿಗೆ ಅದೇ ಜರಿ,
ಹೊಸಬಳ ಭುಜದಿಂದ ಜಾರುತ್ತಿತ್ತು, ಬೆನ್ನಿಗೆ ಎರಡು ಪಿನ್ನು.
ಪಕ್ಕದಲ್ಲಿ ಅರ್ಧ ಇಂಚು ಹಿಡಿಯಲು
ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲವೇ?

ಈ ಮನೆಗೆ ನಾನು ಬಂದಾಗ ಬೀರುವಿನಲ್ಲಿ ಏಳು ರವಿಕೆಗಳಿದ್ದವು.
'ಇಟ್ಟುಕೋ, ಹೊಸವೇ' ಎಂದರು ಅತ್ತೆ.
ನಾನೇ ಬಿಚ್ಚಿ, ನಾನೇ ಹಿಡಿದು ಹೊಲಿದುಕೊಂಡೆ.
ಆರು ವರ್ಷದ ಸಿಂಧು ಮಂಚದ ಮೂಲೆಯಿಂದ
ಕತ್ತರಿ ಎಲ್ಲೆಲ್ಲಿ ಹೋಗುತ್ತದೆಂದು ನೋಡುತ್ತಿದ್ದಳು.
ಮೂರು ವರ್ಷ ಅವಳಿಗೆ ನಾನು 'ಇವರು'.
ಇವರು ಕರೀತಿದಾರೆ. ಇವರು ಜಡೆ ಹಾಕಿದ್ರು.
ಒಂದು ಸಂಜೆ ಸೂಜಿ ಉಗುರಿನೊಳಗೆ ಇಳಿದು ಮುರಿದಾಗ
ಕಿರುಚಿದಳು, ಅಮ್ಮಾ ಎಂದು.
ನನ್ನನ್ನೋ, ಹೋದವಳನ್ನೋ, ಕೇಳಲಿಲ್ಲ ನಾನು.
ಈಗ ಅವಳಿಗೇ ಒಂದು ಕೂಸಿದೆ,
ಇನ್ನೂ ಕೇಳಿಲ್ಲ.

ಅದನ್ನು ತೋರಿಸಲಿ ನೋಡೋಣ, ಒಂದು ಕಂತು.
ಬೇಡ ಬಿಡಿ, ಅದಕ್ಕೂ ಗುಡುಗು ಹಾಕುತ್ತಾರೆ.

ಇವತ್ತೂ ಏಳೂವರೆಗೆ ಕೂತಿದ್ದೇನೆ.
ಹೊಸಬಳು ಪರವಾಗಿಲ್ಲ, ಕಣ್ಣಲ್ಲಿ ಏನೋ ಇದೆ.
ರವಿಕೆ ಇನ್ನೂ ಹಿಡಿದಿಲ್ಲ.