ದಿಯೊಲಿಂದಾ, ಅಡ್ಡಗೆರೆ, ಎರಡು

ನನಗೆ ಗೊತ್ತಿರುವುದು ದೋಣಿಯ ಎಂಜಿನ್ನು:
ಉಪ್ಪು ತಿಂದ ಪ್ಲಗ್ಗು, ಕೆಮ್ಮುವ ಕಾರ್ಬ್ಯುರೇಟರು.
ಆದರೆ ಓರ್ತಾದ ಈ ಇಳಿಜಾರು ಬೀದಿಯಲ್ಲಿ
ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದವನೇ ವೈದ್ಯ.
ಅದಕ್ಕೇ ಎದುರು ಬಾಲ್ಕನಿಯಿಂದ ಕೂಗು:
"ವೆನಾನ್ಸಿಯು, ಈ ಸುಡುಗಾಡು ಕಂಪ್ಯೂಟರು
ಮತ್ತೆ ಹೆಸರು ಬದಲಿಸಿಕೊಂಡಿದೆ, ಬಾ!"

ಮೇಜಿನ ಮೇಲೆ ಅಂಜೂರದ ಜಾಮು,
ನಲವತ್ತು ಸೀಸೆ,
ಹೆಸರಿಡದ ಕೂಸುಗಳ ಹಾಗೆ ಸಾಲಾಗಿ.
ಅಡುಗೆಮನೆಯ ಟ್ಯಾಬ್ಲೆಟ್ಟು ಲೇಬಲ್ಲು ಕಳಿಸಬೇಕು,
ನಡುಮನೆಯ ಕಂಪ್ಯೂಟರು ಪ್ರಿಂಟರಿಗೆ ದಾಟಿಸಬೇಕು.
ಟ್ಯಾಬ್ಲೆಟ್ಟು ಹೇಳುತ್ತದೆ: ದಿಯೊಲಿಂದಾ ಸಿಗುತ್ತಿಲ್ಲ.
ದಿಯೊಲಿಂದಾಳ ಮುಖಕ್ಕೇ ಹೇಳುತ್ತದೆ.

ನೋಡಿದೆ. ದಿಯೊಲಿಂದಾ-೨.
ಅಳಿಸಿದೆ, ಬರಿ ದಿಯೊಲಿಂದಾ ಎಂದು ಬರೆದೆ.
ಬುಧವಾರ ದಿಯೊಲಿಂದಾ-೩.
ವೈರು ಕಿತ್ತು ವೈಫೈ ಒಂದೇ ಉಳಿಸಿದೆ.
ವೈಫೈ ಆರಿಸಿ ವೈರು ಒಂದೇ ಸಿಕ್ಕಿಸಿದೆ.
ರೌಟರನ್ನು ಬಿಚ್ಚಿ ನೂರು ಎಣಿಸಿದೆ
(ಅರವತ್ತಕ್ಕೆ ಅವಳು ಕಾಫಿ ತಂದಳು, ಲೆಕ್ಕ ತಪ್ಪಿತು).
ಶುಕ್ರವಾರ ಪೀಕು ಬೆಟ್ಟದ ಮೇಲೆ ಮೋಡದ ಟೋಪಿ,
ಪರದೆಯ ಮೇಲೆ ದಿಯೊಲಿಂದಾ-೭.

ಒಂದು ಗೊತ್ತಾಯಿತು: ಹಗಲೆಲ್ಲ ಹೆಸರು ನೆಟ್ಟಗಿರುತ್ತದೆ.
ಕೆಡುವುದು ನಿದ್ದೆಯಲ್ಲಿ.

ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.
ಟೀವಿಯ ಕೆಳಗೆ ಅಂಗೈಯಗಲದ ಕಪ್ಪು ಪೆಟ್ಟಿಗೆ,
ಅಕ್ಕಿಕಾಳಿನಷ್ಟು ದೀಪ. ಕಳ್ಳ ಅದೇ.
ಅಥವಾ ಕಳ್ಳ ಅಲ್ಲ, ಕಾವಲಿನವ:
ಕಂಪ್ಯೂಟರು ಮಲಗುವಾಗ ತನ್ನ ಹೆಸರನ್ನು
ಅದರ ಕೈಗೆ ಕೊಟ್ಟು ಮಲಗುತ್ತದೆ,
ಯಾರಾದರೂ ಕರೆದರೆ ಓಗೊಡು, ನನ್ನನ್ನು ಎಬ್ಬಿಸು ಎಂದು.
ಬೆಳಿಗ್ಗೆ ಕಣ್ಣು ಬಿಟ್ಟು ಕೇಳುತ್ತದೆ:
ಇಲ್ಲಿ ದಿಯೊಲಿಂದಾ ಅಂತ ಯಾರಾದರೂ ಇದ್ದೀರಾ?
ಪೆಟ್ಟಿಗೆ ನಿಯತ್ತಿನಿಂದ ಹೇಳುತ್ತದೆ: ಇದ್ದೇನೆ.
ಆಗ ಇದು, ಮರ್ಯಾದಸ್ಥ ಯಂತ್ರ,
ಜಗಳ ಕಾಯದೆ
ತನ್ನ ಮುಂದೆ ಒಂದು ಅಂಕಿ ಅಂಟಿಸಿಕೊಂಡು
ಪಕ್ಕಕ್ಕೆ ಸರಿಯುತ್ತದೆ.

ಇದನ್ನೆಲ್ಲ ವಿವರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ.
ಅವಳು ಒಂದು ಸೀಸೆಯ ಮುಚ್ಚಳ ತಿರುಪುತ್ತಲೇ ಇದ್ದಳು,
ಆಗಲೇ ಬಿಗಿಯಾಗಿದ್ದ ಮುಚ್ಚಳ.

"ನನಗಿಂತ ಮುಂಚೆ ಒಬ್ಬಳು ಹುಟ್ಟಿದ್ದಳು," ಅಂದಳು.
"ಏಳು ತಿಂಗಳು ಇದ್ದಳು. ಅವಳೂ ದಿಯೊಲಿಂದಾ.
ಅಮ್ಮ ಅದೇ ಹೆಸರು ತೆಗೆದು ನನಗಿಟ್ಟಳು,
ಅದೇ ದೀಕ್ಷಾಸ್ನಾನದ ಅಂಗಿ, ತೋಳು ಸ್ವಲ್ಪ ಬಿಚ್ಚಿ.
ಅಕ್ಷರ ಕಲಿತ ವರ್ಷ ಸಮಾಧಿಯ ಕಲ್ಲಿನ ಮೇಲೆ
ನಾನು ಓದಿದ ಮೊದಲ ಪದ ನನ್ನ ಹೆಸರು.
ಯಾರಾದರೂ ಕರೆದರೆ ತಕ್ಷಣ ಓಗೊಡುತ್ತಿರಲಿಲ್ಲ.
ಒಂದು ಕ್ಷಣ ತಡೆಯುತ್ತಿದ್ದೆ,
ಅವಳೇನಾದರೂ ಹೋಗುತ್ತಾಳೋ ಎಂದು.
ಕಿವುಡಿ ಅಂತ ಬೈದರು."

ಹೌದಲ್ಲ, ಈಗಲೂ.
ಬೀದಿಯಿಂದ ಕೂಗಿದರೆ ಬಾಲ್ಕನಿಯ ಬಾಗಿಲು
ತೆರೆಯುವುದಕ್ಕೆ ಮುಂಚೆ ಒಂದು ಚೂರು ಹೊತ್ತು.
ಮೂವತ್ತು ವರ್ಷ ನಾನದನ್ನು
ಮಂಡಿನೋವು ಎಂದು ತಿಳಿದಿದ್ದೆ.

ಪೆಟ್ಟಿಗೆಯ ವೈರು ಹಿಡಿದು ಕೇಳಿದೆ: ಕೀಳಲಾ?
"ಅದು ಮಾಡಿದ ತಪ್ಪೇನು?" ಅಂದಳು.
ಕೊನೆಗೆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು,
ಕಂಪ್ಯೂಟರಿಗೆ ಮಲಗಬೇಡ ಎಂದು ಕಟ್ಟಪ್ಪಣೆ ಬರೆದೆ.
ವಿದ್ಯುತ್ತಿನ ಬಿಲ್ಲು ಏರುತ್ತದೆ ಎಂದೆ. ಏರಲಿ ಅಂದಳು.

ಶನಿವಾರ, ಭಾನುವಾರ, ಹೆಸರು ಅಲುಗಲಿಲ್ಲ.
ನಲವತ್ತು ಲೇಬಲ್ಲು ಬಂದವು, ಬಿಸಿಬಿಸಿ, ಶಾಯಿ ತುಸು ತೇವ.
ಕೂಲಿಗೆ ಎರಡು ಸೀಸೆ ಕೊಟ್ಟಳು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿದಳು:
"ವೆನಾನ್ಸಿಯು, ಹಾಗಾದರೆ ಆ ಎರಡು, ಮೂರು, ಏಳು,
ಅವರೆಲ್ಲ ಎಲ್ಲಿಗೆ ಹೋದರು?"

ಎಂಜಿನ್ನಾಗಿದ್ದರೆ ಹೇಳುತ್ತಿದ್ದೆ.
ಜಾಮು ಚೆನ್ನಾಗಿತ್ತು. ನಿಂಬೆ ಸ್ವಲ್ಪ ಹೆಚ್ಚು.