ಮೊಂಬತ್ತಿಯ ಗೆರೆ

ಪೈವಳಿಕೆಯ ಗುಡ್ಡದೊಳಗೆ
ಮೂವತ್ತೆಂಟು ಕೋಲು, ತಿರುವಿನಾಚೆ
ಐತಪ್ಪ ಮಾವ ಸುರಂಗ ಕೊರೆಯುತ್ತಾರೆ.
ಉಸಿರಿಗೆ ಕಾವಲು ಒಂದು ಮೊಂಬತ್ತಿ;
ಮೊಂಬತ್ತಿಗೆ ಕಾವಲು
ಸಾಬೂನು ಡಬ್ಬಿಯಲ್ಲಿ ನಾನಿಟ್ಟ ಚಿಪ್.

ಸೆಕೆಂಡಿಗೆ ಐವತ್ತು ಸಲ ಅದು ಬೆಳಕನ್ನು ಕೇಳುತ್ತದೆ: ಎಷ್ಟು?
ಏಳುನೂರ ಹದಿನಾಲ್ಕು. ಏಳುನೂರ ಎರಡು.
ಮುರಕಲ್ಲಿಗೆ ಹೆದರಿ ಬ್ಲೂಟೂತು
ತಿರುವಿನಲ್ಲೇ ನಿಂತಿತ್ತು ಮೊದಲು;
ಕೈದಾಟಿಸಲು ಅಲ್ಲಿ ಇನ್ನೊಂದು ಡಬ್ಬಿ.

ಹೊರಗೆ, ಶಾಲಿನ ನೆರಳಲ್ಲಿ ಫೋನು.
ಗೆರೆ ನಡುಗಿದರೆ ಪಿಕ್ಕಾಸು ಬಿತ್ತು,
ತಗ್ಗಿದರೆ ಮಾವನ ಬೆನ್ನು ಅಡ್ಡ ಬಂತು.

ಹನ್ನೊಂದೂಕಾಲಿಗೆ ಸೊನ್ನೆ.
ಸೊನ್ನೆ, ಸೊನ್ನೆ,
ಸೆಕೆಂಡಿಗೆ ಐವತ್ತು ಸೊನ್ನೆ.

ಟಾರ್ಚು ಹಿಡಿದು ಬಗ್ಗಿ ಓಡಿದೆ. ಹಣೆ ಕಲ್ಲಿಗೆ ಬಡಿಯಿತು.

"ನಾನೇ ಊದಿದ್ದು ಮಾರಾಯ್ತಿ,
ಟಾರ್ಚು ಆರಿಸು," ಎಂದಿತು ಕತ್ತಲು,
"ಎಲ್ಲೋ ನೀರು ಹನಿಯುತ್ತಿದೆ. ಕೇಳಬೇಕು."