ಬೋರ್ಡು

ದಾದಾಪೀರ್ ತಗಡಿಗೆ ಬಿಳಿ ಬಳಿದು ಎರಡು ದಿನವಾಯಿತು.
ಒಣಗಿದೆ, ಬನ್ನಿ ಮೇಡಂ, ಅಕ್ಷರ ಹೇಳಿ, ಅಂತ ಫೋನು.
ನನ್ನೆದುರಿಗೇ ಸ್ಕೇಲಿಟ್ಟು, ಎರಡು ಗೆರೆಗಳ ನಡುವೆ, ಪೆನ್ಸಿಲ್ಲಿನಲ್ಲಿ
ಡಾ. ಶಶಿರೇಖಾ. ಕೆಳಗೆ ಡಿಗ್ರಿ.
ಅದರ ಕೆಳಗೆ ಹೆರಿಗೆ ಮತ್ತು ಸ್ತ್ರೀರೋಗ ತಜ್ಞೆ.
ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಕೇಳಿದ:
'24 ಗಂಟೆ ಸೇವೆ ಅಂತ ಹಾಕ್ಲಾ? ಎಲ್ರೂ ಹಾಕಿಸ್ತಾರೆ.
ಕೆಂಪು ಬಣ್ಣ. ಅದಕ್ಕೆ ಬೇರೆ ದುಡ್ಡಿಲ್ಲ.'

ಬೇರೆ ದುಡ್ಡಿಲ್ಲ.
ಥಿನ್ನರಿನ ವಾಸನೆಯಲ್ಲಿ ಸ್ಟೂಲಿನ ಮೇಲೆ ಕೂತೇ ಇದ್ದೆ.

ಸರ್ಕಾರಿ ಆಸ್ಪತ್ರೆಯಲ್ಲೂ ಇಪ್ಪತ್ನಾಲ್ಕೇ,
ಆದರೆ ಅಲ್ಲಿ ಅದು ಮೂರು ಹೋಳು.
ನನ್ನ ಹೋಳು ಮುಗಿದಾಗ
ಕೇಸ್ ಶೀಟು, ಇನ್ನೂ ಹೊರಬರದ ತಲೆ, ಆ ತಲೆಯವರ ಎದೆಬಡಿತ,
ಎಲ್ಲ ನಿಜಗುಣನಿಗೆ ಒಪ್ಪಿಸಿ, ಚಪ್ಪಲಿ ಹುಡುಕಿ ಮನೆಗೆ.
ಹುಟ್ಟಿದ್ದು ಗಂಡೋ ಹೆಣ್ಣೋ, ಎಷ್ಟೋ ಸಲ ಕೇಳಿಲ್ಲ.
ಅವರಿಗೂ ನನ್ನ ಹೆಸರು ಗೊತ್ತಿಲ್ಲ,
'ಕನ್ನಡಕದಮ್ಮಾರು' ಅಂತಾರೆ.
ವಾರ್ಡಿನಲ್ಲಿ ಕನ್ನಡಕದವರು ನಾಲ್ಕು ಜನ.

ಕಟ್ಟಡ ನೋಡಿಯಾಗಿದೆ. ಪಿ.ಜೆ. ಬಡಾವಣೆ.
ಕೆಳಗೆ ಮೆಡಿಕಲ್ ಶಾಪು, ಮೇಲೆ ಹನ್ನೆರಡು ಹಾಸಿಗೆ,
ಲಿಫ್ಟಿಗೆ ಜಾಗವಿದೆ, ಲಿಫ್ಟಿಲ್ಲ.
ಮಾಲೀಕ ಕೊಟ್ರಬಸಪ್ಪ, ಎಪಿಎಂಸಿಯಲ್ಲಿ ದಲಾಲಿ ಅಂಗಡಿ,
ಮೆಕ್ಕೆಜೋಳದ ಕಾಳು ಕಚ್ಚಿ ತೇವ ಹೇಳುವವರು,
ನನ್ನನ್ನೂ ಒಮ್ಮೆ ಕಚ್ಚಿ ನೋಡಿದವರ ಹಾಗೆ ಅಂದರು:
'ಬರೀ ನಾರ್ಮಲ್ಲೇ ಮಾಡಿಸ್ತಾ ಕುಂತ್ರೆ
ಬಾಡಿಗೆ ಹುಟ್ಟಲ್ಲ ನೋಡ್ರಿ.'

ಬಾಡಿಗೆ ಹುಟ್ಟಬೇಕು, ತಿಂಗಳ ಐದಕ್ಕೆ,
ತಲೆ ಕೆಳಗೋ ಕಾಲು ಕೆಳಗೋ,
ಅಡ್ಡ ಮಲಗಿದ್ದರೆ ಕೊಯ್ದಾದರೂ.

ಹಾಗಾದರೆ ಯಾಕೆ ಬಿಡಬೇಕು ಅನ್ನಿಸಿತು?
ಸಂಬಳಕ್ಕಲ್ಲ. ಮಂಚಕ್ಕೆ ಇಬ್ಬಿಬ್ಬರು ಅಂತಲೂ ಅಲ್ಲ.
ಹನ್ನೊಂದು ಜನ ಒಟ್ಟಿಗೆ ನೋವು ತಿನ್ನುತ್ತಿದ್ದ ರಾತ್ರಿ
ಹರಪನಹಳ್ಳಿ ಕಡೆಯ ಹುಲಿಗೆಮ್ಮ ಚೀರಿದಳು.
ಆಯಾಗಳು ತೊಡೆಗೆ ಬಾರಿಸಿ ಅನ್ನುವ ಮಾತೊಂದಿದೆ,
'ಅವಾಗ ಚೆನ್ನಾಗಿತ್ತಲ್ಲ, ಈಗ್ಯಾಕೆ ಕೂಗ್ತೀಯ?'
ಹತ್ತು ವರ್ಷ ಕೇಳಿಸದ ಹಾಗೆ ಕೈ ತೊಳೆದುಕೊಂಡಿದ್ದೆ.
ಆ ರಾತ್ರಿ ಅದು ನನ್ನ ಬಾಯಿಂದಲೇ ಬಂತು.
ಹುಲಿಗೆಮ್ಮ ಸುಮ್ಮನಾದಳು.
ಗೋಡೆಗೆ ತಿರುಗಿ, ಸುಣ್ಣ ಎದ್ದ ಜಾಗವನ್ನು ನೋಡುತ್ತ
ಸದ್ದಿಲ್ಲದೆ ಹೆತ್ತಳು.

ರಾಜೀನಾಮೆ ಬರೆದದ್ದು ಮಾರನೇ ದಿನ.
ಈಗಲೂ ಬ್ಯಾಗಿನಲ್ಲಿದೆ, ಟಿಫಿನ್ ಡಬ್ಬಿಯ ಎಣ್ಣೆ ಹತ್ತಿ.

ಆದರೆ ಪೂರ್ತಿ ಹೇಳಬೇಕು.
ಅದೇ ಹುಲಿಗೆಮ್ಮನಿಗೆ ಕಸ ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ.
ಮಲಗಿದ್ದ ಅರಿವಳಿಕೆಯವರು ಬನಿಯನ್ನಿನಲ್ಲೇ ಓಡಿಬಂದರು,
ಕೆಳಗಿನ ಬ್ಲಡ್ ಬ್ಯಾಂಕಿನಿಂದ ಎರಡು ಬಾಟ್ಲಿ,
ಮೂರನೆಯದು ಒಬ್ಬ ಹೌಸ್ ಸರ್ಜನ್ ಹುಡುಗನ ತೋಳಿನಿಂದ,
ನನ್ನ ಮುಷ್ಟಿ ಅವಳೊಳಗೆ, ಯಾರೋ ನನ್ನ ಬೆವರು ಒರೆಸುತ್ತ.
ಬೆಳಗಾಗುವಷ್ಟರಲ್ಲಿ ತುಟಿಗೆ ಬಣ್ಣ ಬಂತು.

ಹನ್ನೆರಡು ಹಾಸಿಗೆಯ ಮೇಲ್ಮಹಡಿಯಲ್ಲಾಗಿದ್ದರೆ?
ಮೆತ್ತಗೆ ಮಾತಾಡಿರುತ್ತಿದ್ದೆ, ಹೆಸರು ಹಿಡಿದು.
ರಕ್ತ ತರಲು ಅವಳ ಗಂಡ ಬೈಕಿನಲ್ಲಿ ಹೋಗಿರುತ್ತಿದ್ದ.
ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದಿರುತ್ತಿತ್ತು.

'ಮೇಡಂ, ಹಾಕ್ಲಾ ಬ್ಯಾಡ್ವಾ?'

ಮೂಲೆಯಲ್ಲಿ ತಗಡಿನ ಚೂರುಗಳ ರಾಶಿ.
ಬೆರಳುದ್ದದ್ದು ಒಂದು ಸಿಗುತ್ತಾ, ಕೇಳಿದೆ.
ಡಾ. ಬೇಡ, ಡಿಗ್ರಿ ಬೇಡ.
ಶಶಿರೇಖಾ, ಕನ್ನಡದಲ್ಲಿ, ಮಲಗಿದವರಿಗೆ ಓದಲು ಬರುವಷ್ಟು ದಪ್ಪ.
ಹಿಂದೆ ಒಂದು ಪಿನ್ನು. ಕೋಟಿಗೆ.
ಯಾರ ಬಾಯಿಂದ ಬಂತು ಅಂತ ಗೊತ್ತಾಗಲಿ.

'ಇಷ್ಟು ಸಣ್ಣದು ನಾನು ಬರೆದೋನಲ್ಲ,' ಅಂದ.
'ಮತ್ತೆ ಇದು? ಬಿಳಿ ಬಳಿದಾಗಿದೆ, ಅಡ್ವಾನ್ಸ್ ವಾಪಸ್ ಬರಲ್ಲ.'
ಗೋಡೆಗೆ ಮುಖ ಮಾಡಿ ನಿಲ್ಲಿಸು, ದಾದಾಪೀರ್.
ಅಳಿಸಬೇಡ. ಪೆನ್ಸಿಲ್ ಹಾಗೇ ಇರಲಿ.
ಕೊಟ್ರಬಸಪ್ಪನವರಿಗೆ ಇನ್ನೂ ಏನೂ ಹೇಳಿಲ್ಲ.

ಅವನು ಕತ್ತರಿಸಿದ ಚೂರನ್ನು ಹೆಬ್ಬೆರಳಿನಿಂದ ಸವರಿ ನೋಡಿದ.
'ಅಂಚು ಚುಚ್ಚುತ್ತೆ. ಉಜ್ಜಬೇಕು. ನಾಳೆ ಬನ್ನಿ.'
ನಾಳೆ ಅಂದರೆ, ಈ ನೈಟು ಮುಗಿದ ಮೇಲೆ.